ಚೆನ್ನಾಗಿತ್ತು ಅಂದರೆ ಏನು ಚೆನ್ನಾಗಿತ್ತು?

1980ರ ದಶಕದಲ್ಲಿ ತಮಿಳುನಾಡಿನ ಗಡಿಯ ಕೆಲಮಂಗಲ, ದೆಂಕಣಿಕೋಟೆ ಕಡೆಯ ಕನ್ನಡ ಶಾಲೆಗಳಲ್ಲಿ ಭಾಷಣ ಮಾಡಿದ ಹುಡುಗನಿಗೆ ಕೆಲಸಕ್ಕೆ ಬರುವ ಮಾತು ಹೇಳುತ್ತಿದ್ದವನು ಒಬ್ಬನೇ, ಮೈಕ್‌ಸೆಟ್‌ನವನು. ಆಗಸ್ಟ್ 15ಕ್ಕೂ ಜನವರಿ 26ಕ್ಕೂ ಅವನು ಸೈಕಲ್ ಕ್ಯಾರಿಯರಿಗೆ ಅಹುಜಾ ಆಂಪ್ಲಿಫೈಯರ್ ಕಟ್ಟಿಕೊಂಡು ಬರುತ್ತಿದ್ದ. ಹುಣಸೆ ಮರದ ಕೊಂಬೆಗೆ ಹಾರ್ನ್ ಬಿಗಿದು, ಹಲೋ ಹಲೋ ಎಂದು ಊರಿಗೆಲ್ಲ ಕೇಳಿಸಿ, ಪೆಟ್ಟಿಗೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂರುತ್ತಿದ್ದ. ಗಾಂಧಿ, ನೆಹರೂ, ಸ್ವಾತಂತ್ರ್ಯ ಯಾವುದೂ ಅವನಿಗೆ ಬೇಕಿರಲಿಲ್ಲ. ಮೈಕು ಕೂಗಬಾರದು, ಹಾರ್ನ್ ಹರಿಯಬಾರದು, ಅಷ್ಟೇ.

"ತಮ್ಮಾ, ಮೈಕು ಕಚ್ಚಬ್ಯಾಡ. ಒಂದು ಗೇಣು ಹಿಂದಕ್ಕೆ ನಿಂತ್ಕೊ. 'ಪ' ಅನ್ನೋವಾಗ, 'ಬ' ಅನ್ನೋವಾಗ ಮುಖ ಒಸಿ ಪಕ್ಕಕ್ಕೆ ತಿರುಗ್ಸು. ಕಿವಿ ಒಡೀತದೆ."

ಅವನಿಗೆ ನನ್ನ ಏಳಿಗೆಯ ಚಿಂತೆ ಇರಲಿಲ್ಲ, ಹಾರ್ನಿನ ಚಿಂತೆ ಇತ್ತು. ಆದರೆ ಅವನು ಹೇಳಿದ್ದು ಸರಿ. ತುಟಿ ಮುಚ್ಚಿ ಬಿಡುವ ಅಕ್ಷರಗಳಿಗೆ ಗಾಳಿ ನೇರವಾಗಿ ಮೈಕಿಗೆ ಹೊಡೆಯುತ್ತದೆ, ಹಾರ್ನಿನಲ್ಲಿ ಅದು ಪಟಾಕಿಯ ಸದ್ದಾಗುತ್ತದೆ. ಇವತ್ತಿಗೂ ಮೈಕಿನ ಮುಂದೆ ನಿಂತರೆ ಒಂದು ಗೇಣು ಬಿಟ್ಟೇ ನಿಲ್ಲುತ್ತೇನೆ. ಅದೇ ಶಾಲೆಯ ಬೇರೆ ಯಾರ ಯಾವ ಮಾತೂ ಹೀಗೆ ನನ್ನ ಮೈಯಲ್ಲಿ ಉಳಿದಿಲ್ಲ.

ಉಳಿದವರು ಏನು ಹೇಳುತ್ತಿದ್ದರು? ಗೆದ್ದವನಿಗೆ "ಭೇಷ್". ಸೋತವನಿಗೆ ಏನೂ ಇಲ್ಲ. ನಡುವೆ ಮರೆತು ನಿಂತವನಿಗೆ ವರ್ಷವಿಡೀ ನಗೆ. ತೀರ್ಪುಗಾರರು ಎಂದು ಕೂರಿಸಿದ ಪಕ್ಕದ ಊರಿನ ಮೇಷ್ಟ್ರು ಒಂದು ಹಾಳೆಯಲ್ಲಿ ವಿಷಯಕ್ಕೆ ಇಷ್ಟು, ಭಾಷೆಗೆ ಇಷ್ಟು, ಹಾವಭಾವಕ್ಕೆ ಇಷ್ಟು ಎಂದು ಅಂಕ ಹಾಕಿ ಮಡಚಿ ಕೊಡುತ್ತಿದ್ದರು. ಆ ಹಾಳೆ ಹೆಡ್‌ಮೇಷ್ಟ್ರ ಜೇಬಿಗೆ ಹೋಗುತ್ತಿತ್ತು. ನಮಗೆ ಸಿಗುತ್ತಿದ್ದದ್ದು ಸೋಪಿನ ಡಬ್ಬಿ ಅಥವಾ ಸ್ಟೀಲ್ ಲೋಟ. ಮೊದಲನೆಯವನು ಯಾಕೆ ಮೊದಲನೆಯವನಾದ ಎಂದು ಅವನಿಗೂ ಗೊತ್ತಿಲ್ಲ, ಮೂರನೆಯವನಿಗೂ ಗೊತ್ತಿಲ್ಲ.

ಇದಕ್ಕೆ ಇನ್ನೊಂದು ಕಾರಣವೂ ಇತ್ತು. ಭಾಷಣ ನಮ್ಮದಾಗಿರುತ್ತಿರಲಿಲ್ಲ. ಮೇಷ್ಟ್ರು ಬರೆದುಕೊಡುತ್ತಿದ್ದರು, ನಾವು ಉರು ಹೊಡೆಯುತ್ತಿದ್ದೆವು. ವೇದಿಕೆಯನ್ನು ಅಲಂಕರಿಸಿರುವ ಅಧ್ಯಕ್ಷರೇ, ಪೂಜ್ಯ ಗುರುವೃಂದದವರೇ, ನನ್ನ ನೆಚ್ಚಿನ ಸಹಪಾಠಿಗಳೇ ಎಂದು ಎಲ್ಲರನ್ನೂ ಕರೆದು ಮುಗಿಸುವಷ್ಟರಲ್ಲಿ ಸಿಕ್ಕ ಸಮಯದಲ್ಲಿ ಒಂದು ಪಾಲು ಹೋಗಿರುತ್ತಿತ್ತು. ಹೀಗೆ ತಾವೇ ಬರೆದದ್ದನ್ನು ತಾವೇ ಹೇಗೆ ಟೀಕಿಸುತ್ತಾರೆ? ಹುಡುಗ ಒಂದಕ್ಷರ ತಪ್ಪದೆ ಒಪ್ಪಿಸಿದರೆ ಸಾಕಿತ್ತು. ಹುಡುಗಿಯರಂತೂ ಪ್ರಾರ್ಥನೆಗೆ ಬಂದು ಹೋಗುತ್ತಿದ್ದರು. ಭಾಷಣಕ್ಕೆ ಅವರ ಹೆಸರು ಕೂಗಿದ್ದನ್ನು ನಾನು ಕಾಣೆ.

ಹಿಂದಿನದೆಲ್ಲ ಚಿನ್ನ ಎಂದು ನಮ್ಮ ವಯಸ್ಸಿನವರು ಹೇಳುವಾಗ ನನಗೆ ನನ್ನ ಜೊತೆ ಓದಿದ ಒಬ್ಬ ನೆನಪಾಗುತ್ತಾನೆ. 'ಸ್ವಾತಂತ್ರ್ಯ' ಎನ್ನುವಲ್ಲಿ ಅವನ ನಾಲಿಗೆ ತಡವರಿಸಿತು. ಸ್ವಾ, ಸ್ವಾ ಎಂದು ನಿಂತ. ಮೇಷ್ಟ್ರೇ ಮೊದಲು ನಕ್ಕರು. ಆಮೇಲೆ ಶಾಲೆ ಬಿಡುವವರೆಗೆ ಅವನ ಹೆಸರು 'ಸ್ವಾಸ್ವಾ'. ಈಗ ಅವನು ರಾಯಕೋಟೆಯ ಟೊಮೆಟೊ ಮಂಡಿಯಲ್ಲಿ ವ್ಯಾಪಾರಿ. ಕನ್ನಡ, ತೆಲುಗು, ತಮಿಳು, ಲಾರಿಯವರ ಹಿಂದಿ, ನಾಲ್ಕರಲ್ಲೂ ಬೆಳಗಿನ ಜಾವ ಅವನ ಧ್ವನಿ ಮಂಡಿಯ ಆ ಕೊನೆಗೆ ಕೇಳುತ್ತದೆ. ಮಗಳ ಶಾಲೆಯ ವಾರ್ಷಿಕೋತ್ಸವದಲ್ಲಿ ಪೋಷಕರ ಪರವಾಗಿ ಎರಡು ಮಾತು ಆಡಿ ಎಂದರೆ ಮಾತ್ರ ಎದ್ದು ಹೊರಗೆ ಹೋಗುತ್ತಾನೆ. ಅವನಿಗೆ ಅವತ್ತು ಆ ಪದವನ್ನು ಎರಡು ತುಂಡು ಮಾಡಿ ನಿಧಾನವಾಗಿ ಹೇಳು ಎಂದಿದ್ದರೆ ಸಾಕಿತ್ತು. ಹಾಗೆ ಹೇಳಲು ಒಂದು ನಿಮಿಷವೂ ಬೇಡ.

ನಮ್ಮ ಭಾಗದ ಮಕ್ಕಳಿಗೆ ಇನ್ನೊಂದು ಶಾಲೆ ಇತ್ತು. ಅದು ಕಳಗಗಳ, ಅಂದರೆ ದ್ರಾವಿಡ ಪಕ್ಷಗಳ, ಬಹಿರಂಗ ಸಭೆ. ಆಗ ನಮ್ಮದು ಧರ್ಮಪುರಿ ಜಿಲ್ಲೆ. ಕೃಷ್ಣಗಿರಿ ಬೇರೆ ಜಿಲ್ಲೆಯಾದದ್ದು 2004ರಲ್ಲಿ. ಹೊಸೂರಿನ ರಾಮನಗರದಲ್ಲಿ ಟ್ಯೂಬ್‌ಲೈಟು ಕಟ್ಟಿ ಸಭೆ ಶುರುವಾದರೆ ದೊಡ್ಡ ನಾಯಕರು ಬರುವುದು ರಾತ್ರಿ ಎಷ್ಟು ಹೊತ್ತಿಗೋ. ಅಲ್ಲಿಯವರೆಗೆ ಜನರನ್ನು ಹಿಡಿದಿಡಲು ಪಕ್ಷದ ಭಾಷಣಕಾರರು ಇರುತ್ತಿದ್ದರು. ಡಿಎಂಕೆ ಕಟ್ಟಿದ ಅಣ್ಣಾದುರೈ ತೀರಿಕೊಂಡು ಹತ್ತು ವರ್ಷ ದಾಟಿದ್ದರೂ ಆ ವೇದಿಕೆಯಲ್ಲಿ ಅವರ ಉಸಿರೇ ಆಡುತ್ತಿತ್ತು. ಒಂದೇ ಅಕ್ಷರದಿಂದ ಶುರುವಾಗುವ ಪದಗಳ ಸಾಲು, ಏರುತ್ತಾ ಹೋಗಿ ಥಟ್ಟನೆ ನಿಲ್ಲುವ ವಾಕ್ಯ, ಆ ನಿಲುಗಡೆಯಲ್ಲಿ ಹಾರುವ ಸಿಳ್ಳೆ. ಈ ಗ್ರಾಂಥಿಕ ತಮಿಳಿನ ವೇದಿಕೆ ಭಾಷಣ ಪುರಾತನ ಕಾಲದಿಂದ ಬಂದದ್ದಲ್ಲ, 20ನೇ ಶತಮಾನದ ರಾಜಕಾರಣ ಕಟ್ಟಿಕೊಂಡ ಹೊಸ ಕಸುಬು ಎಂದು ಮದುರೈಯಲ್ಲಿ ಅಧ್ಯಯನ ಮಾಡಿದ ಅಮೆರಿಕದ ಮಾನವಶಾಸ್ತ್ರಜ್ಞ ಬರ್ನಾರ್ಡ್ ಬೇಟ್ 2009ರ ತಮ್ಮ ಪುಸ್ತಕದಲ್ಲಿ ವಾದಿಸಿದ್ದಾರೆ. ಸಭೆಯ ಹಿಂದೆ ಕಡಲೆಕಾಯಿ ತಿನ್ನುತ್ತಾ ನಿಂತ ನಮಗೆ ಅದೆಲ್ಲ ತಿಳಿಯದು. ಅರ್ಧ ಅರ್ಥವಾಗುತ್ತಿತ್ತು, ಪೂರ್ತಿ ರೋಮಾಂಚನವಾಗುತ್ತಿತ್ತು.

ಅಲ್ಲಿ ತೀರ್ಪು ಆಗಿಂದಾಗಲೇ ಸಿಗುತ್ತಿತ್ತು. ಮಾತು ಹಿಡಿಸಿದರೆ ಸಿಳ್ಳೆ, ಚಪ್ಪಾಳೆ, ಮಾತಿನ ನಡುವೆಯೇ ಬಂದು ಹೊದಿಸುವ ಪೊನ್ನಾಡೈ ಶಾಲು. ಹಿಡಿಸದಿದ್ದರೆ ಜನ ಟೀ ಅಂಗಡಿ ಕಡೆ ನಡೆಯುತ್ತಿದ್ದರು. ಆ ಭಾಷಣಕಾರರು ಪಳಗಿದ್ದು ಹೀಗೆಯೇ. ಆದರೆ ಚಪ್ಪಾಳೆ ನಂಬಿ ಕಲಿತವನು ಚಪ್ಪಾಳೆ ಬೀಳುವ ಮಾತನ್ನಷ್ಟೇ ಕಲಿಯುತ್ತಾನೆ. ಹತ್ತು ವರ್ಷ ಬಿಟ್ಟು ಅದೇ ಮನುಷ್ಯನ ಭಾಷಣ ಕೇಳಿದರೆ ಅದೇ ನಿಲುಗಡೆ, ಅದೇ ಬೈಗುಳ, ಅದೇ ಜಾಗದಲ್ಲಿ ಕಣ್ಣೊರೆಸಿಕೊಳ್ಳುವುದು. ನೀರು ಬಾರದ ಊರಿಗೆ ನೀರು ಹೇಗೆ ತರುತ್ತೀರಿ ಎಂಬುದನ್ನು ಬಿಡಿಸಿ ಹೇಳಿದರೆ ಯಾರೂ ಸಿಳ್ಳೆ ಹಾಕುವುದಿಲ್ಲವಲ್ಲ. ಹಾಗಾಗಿ ಅದನ್ನು ಹೇಳುವುದನ್ನೇ ಅವರು ಬಿಟ್ಟಿರುತ್ತಿದ್ದರು.

ತಮಿಳಿನ ಚರ್ಚಾಕೂಟವಾದ ಪಟ್ಟಿಮನ್ರ ಇದಕ್ಕಿಂತ ಮೇಲು ಎಂದು ನನ್ನ ಎಣಿಕೆ. ಪೊಂಗಲ್, ದೀಪಾವಳಿ ಬಂದರೆ ಟಿವಿಯಲ್ಲಿ ಸಾಲಮನ್ ಪಾಪ್ಪಯ್ಯನವರ ಪಟ್ಟಿಮನ್ರ ನಮ್ಮ ಕನ್ನಡದ ಮನೆಗಳಲ್ಲೂ ನಡೆಯುತ್ತಿತ್ತು. ಅಲ್ಲಿ ಒಬ್ಬರು ಮಾತಾಡಿ ಕುಳಿತ ಮೇಲೆ ತೀರ್ಪು ಹೇಳುವ ನಡುವರ್ ಸುಮ್ಮನೆ ಮುಂದಿನವರನ್ನು ಕರೆಯುವುದಿಲ್ಲ. ಇವರು ಹೇಳಿದ್ದರಲ್ಲಿ ಗಟ್ಟಿ ಯಾವುದು, ಜಾರಿಕೊಂಡದ್ದು ಎಲ್ಲಿ ಎಂದು ನಗಿಸುತ್ತಲೇ ಎತ್ತಿ ಹೇಳುತ್ತಾರೆ. ಕಾಲೆಳೆಯುತ್ತಾರೆ, ಆದರೆ ವಾದದ ಕಾಲು. ನಮ್ಮ ಶಾಲೆಯ ಚರ್ಚಾಸ್ಪರ್ಧೆಗೆ ಅಂಥ ಒಬ್ಬರು ಸಿಕ್ಕಿದ್ದರೆ ಎಂದು ಅನ್ನಿಸಿದ್ದುಂಟು.

ಹೊಸೂರಿನವರು ಭಾಷಣದ ಮಾತು ಬಂದರೆ ರಾಜಾಜಿ ಹೆಸರು ಎತ್ತದೆ ಬಿಡುವುದಿಲ್ಲ. 1878ರಲ್ಲಿ ಅವರು ಹುಟ್ಟಿದ ತೊರಪಳ್ಳಿ ಹೊಸೂರಿಗೆ ಕೂಗಳತೆ ದೂರ. ಓದಿದ್ದು ಹೊಸೂರಿನ ಶಾಲೆಯಲ್ಲಿ, ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ನನಗೆ ಅವರಿಗಿಂತ ಅವರ ಬೀಗರ ಕಥೆ ಇಲ್ಲಿ ಹೆಚ್ಚು ಉಪಯೋಗ. 1933ರಲ್ಲಿ ರಾಜಾಜಿಯ ಮಗಳು ಲಕ್ಷ್ಮಿ ಗಾಂಧೀಜಿಯ ಮಗ ದೇವದಾಸರನ್ನು ಮದುವೆಯಾದ್ದರಿಂದ ತೊರಪಳ್ಳಿಯ ಲೆಕ್ಕದಲ್ಲಿ ಗಾಂಧಿ ನಮಗೂ ಬೀಗರೇ.

ಆ ಬೀಗರು ಬಾಯಿ ಬಿಡಲು ಎಷ್ಟು ಹೆದರುತ್ತಿದ್ದರು ಎಂಬುದನ್ನು ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. 1896ರಲ್ಲಿ ಬೊಂಬಾಯಿಯಲ್ಲಿ ದಕ್ಷಿಣ ಆಫ್ರಿಕದ ಭಾರತೀಯರ ಬಗ್ಗೆ ಸಭೆ. ಭಾಷಣ ಬರೆದು ಅಚ್ಚು ಹಾಕಿಸಿಕೊಂಡು ಬಾ ಎಂದು ಫಿರೋಜ್‌ಷಾ ಮೆಹ್ತಾ ಮೊದಲೇ ಹೇಳಿದ್ದರು. ಅದು ಒಳ್ಳೆಯ ಸಲಹೆ, ಸಮಯಕ್ಕೆ ಸರಿಯಾಗಿ ಬಂದ ಸಲಹೆ. ಸಭೆಯಲ್ಲಿ ಗಾಂಧಿ ಓದತೊಡಗಿದಾಗ ಧ್ವನಿ ಏಳಲಿಲ್ಲ. ಇನ್ನೂ ಜೋರಾಗಿ, ಇನ್ನೂ ಜೋರಾಗಿ ಎಂದು ಮೆಹ್ತಾ ಹುರಿದುಂಬಿಸುತ್ತಾ ಹೋದರು. ಹಾಗೆ ಹೇಳಿದಷ್ಟೂ ತಮ್ಮ ಧ್ವನಿ ಕುಗ್ಗಿತು ಎನ್ನುತ್ತಾರೆ ಗಾಂಧಿ. ಕೊನೆಗೆ ಜನ ಕೂಗಿದ್ದರಿಂದ ದಿನ್‌ಷಾ ವಾಚಾ ಅದನ್ನು ಓದಿ ಮುಗಿಸಿದರು. ಐದು ವರ್ಷದ ಮೇಲೆ, 1901ರ ಕಲ್ಕತ್ತಾ ಕಾಂಗ್ರೆಸ್ಸಿನಲ್ಲಿ ಅದೇ ವಾಚಾ ಅಧ್ಯಕ್ಷರು. ಗಾಂಧಿ ಮಾತಾಡುತ್ತಿದ್ದಾಗ ಅಧ್ಯಕ್ಷರು ಗಂಟೆ ಬಾರಿಸಿದರು. ಇನ್ನೆರಡು ನಿಮಿಷ ಇದೆ ಎಂಬ ಸೂಚನೆ ಅದು. ಗಾಂಧಿಗೆ ಅದು ಗೊತ್ತಿಲ್ಲ. ನೊಂದುಕೊಂಡು ಅಲ್ಲಿಗೇ ಕೂತುಬಿಟ್ಟರು.

ಜೋರಾಗಿ ಮಾತಾಡು ಎಂಬ ಮಾತು ನಿಜವೇ. ಹೆದರಿದವನಿಗೆ ನಿಂತ ಜಾಗದಲ್ಲಿ ಅದರಿಂದ ಏನೂ ಮಾಡಲಾಗುವುದಿಲ್ಲ. ಗಂಟೆಯೂ ಸರಿಯೇ. ಅದರ ಅರ್ಥ ಮೊದಲೇ ಹೇಳಿರಬೇಕಿತ್ತು.

ಇದೆಲ್ಲ ನನಗೆ ಅರ್ಥವಾದದ್ದು ಪುಸ್ತಕದಿಂದಲ್ಲ, ಕಾರ್ಖಾನೆಯಲ್ಲಿ. ಹೊಸೂರಿಗೆ ಸಿಪ್ಕಾಟ್ ಕೈಗಾರಿಕಾ ವಸಾಹತು ಬಂದು, ಮೊಪೆಡ್ಡು, ಲಾರಿ, ಗಡಿಯಾರಗಳ ಕಾರ್ಖಾನೆಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲದಲ್ಲಿ ಐಟಿಐ ಮುಗಿಸಿದ ನಮ್ಮಂಥ ಹಳ್ಳಿ ಹುಡುಗರಿಗೆ ಮಷೀನ್ ಶಾಪಿನಲ್ಲಿ ಕೆಲಸ ಸಿಕ್ಕಿತು. ಜೊತೆಗೆ ಕ್ವಾಲಿಟಿ ಸರ್ಕಲ್ ಎಂಬುದೂ ಬಂತು. 1962ರಲ್ಲಿ ಜಪಾನಿನಲ್ಲಿ ಶುರುವಾದ ಪದ್ಧತಿ, 1980ರ ಹೊತ್ತಿಗೆ ಹೈದರಾಬಾದಿನ ಬಿಎಚ್‌ಇಎಲ್‌ಗೆ ಬಂದು ಅಲ್ಲಿಂದ ದೇಶದಲ್ಲೆಲ್ಲ ಹಬ್ಬಿತು. ಒಂದೇ ವಿಭಾಗದ ಕೆಲವು ಆಪರೇಟರುಗಳು ಕೂತು ತಮ್ಮ ಕೆಲಸದ ಒಂದು ತೊಂದರೆಯನ್ನು ಹಿಡಿದು, ಕಾರಣ ಹುಡುಕಿ, ಸರಿಪಡಿಸಬೇಕು. ಆಮೇಲೆ ಅದನ್ನು ವೇದಿಕೆ ಹತ್ತಿ ವಿವರಿಸಬೇಕು. ತೊಂದರೆ ಸರಿಪಡಿಸುವುದಕ್ಕೆ ನಾವು ಯಾರೂ ಹೆದರಲಿಲ್ಲ. ವೇದಿಕೆ ಎಂದಾಗ ಕೈಕಾಲು ತಣ್ಣಗಾಯಿತು. ಹೊಸೂರಿನ ಕಾರ್ಖಾನೆಗಳ ಹೆಸರು ಹೇಳುವಾಗ ಜನ ಉತ್ಪಾದನೆಯ ಲೆಕ್ಕ ಕೊಡುತ್ತಾರೆ, 2002ರಲ್ಲಿ ಟಿವಿಎಸ್ ಮೋಟಾರಿಗೆ ಬಂದ ಗುಣಮಟ್ಟದ ಡೆಮಿಂಗ್ ಪ್ರಶಸ್ತಿಯ ಮಾತಾಡುತ್ತಾರೆ. ಈ ಸರ್ಕಲ್ಲುಗಳಿಂದ ಎಷ್ಟು ಜನ ಕಾರ್ಮಿಕರು ಸಭೆಯಲ್ಲಿ ಎದ್ದು ನಿಂತು ಮಾತಾಡುವುದನ್ನು ಕಲಿತರು ಎಂಬ ಲೆಕ್ಕ ಯಾರೂ ಇಟ್ಟಂತಿಲ್ಲ.

ನಮ್ಮ ತಂಡದಲ್ಲಿ ಮಾತಾಡುವ ಕೆಲಸ ನನ್ನ ತಲೆಗೆ ಬಂತು. ಕಾರಣ, "ಅವನು ಕನ್ನಡದೋನು, ಗಂಟಲು ದೊಡ್ಡದು." ಮಾತಾಡಬೇಕಾದದ್ದು ತಮಿಳಿನಲ್ಲಿ. ನಾವು ಶಾಲೆಯಲ್ಲಿ ತಮಿಳು ಓದಿದವರಲ್ಲ, ಬೀದಿಯಲ್ಲಿ ಕಲಿತವರು. ಶಿಫ್ಟ್ ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಬೆಂಚು ಸರಿಸಿ ಓವರ್‌ಹೆಡ್ ಪ್ರೊಜೆಕ್ಟರ್ ಇಟ್ಟು ತಾಲೀಮು. ನಮ್ಮ ಸೆಕ್ಷನ್ ಸೂಪರ್‌ವೈಸರ್ ತಿರುನೆಲ್ವೇಲಿ ಕಡೆಯವರು, ನಗುವುದು ಅಪರೂಪ. ಕೈಯಲ್ಲಿ ಗಡಿಯಾರ, ಮೊಣಕಾಲ ಮೇಲೆ ನೋಟು ಪುಸ್ತಕ. ನಾನು ಮುಗಿಸಿದೆ. ಅವರು ಚೆನ್ನಾಗಿತ್ತು ಎನ್ನಲಿಲ್ಲ, ಚೆನ್ನಾಗಿಲ್ಲ ಎಂದೂ ಅನ್ನಲಿಲ್ಲ.

"ತಂಬಿ, ಮೂರನೇ ಚಾರ್ಟ್ ಬಂದಾಗ ಪರದೆ ಕಡೆ ತಿರುಗಿ ಮಾತಾಡಿದೆ. ನಿನ್ನ ಬೆನ್ನಿಗೆ ಬಾಯಿಲ್ಲ. ರಿಜೆಕ್ಷನ್ ಎಷ್ಟಿತ್ತು ಎಂದು ಹೇಳಿದೆ, ಎಷ್ಟಾಯಿತು ಎಂದು ಹೇಳುವ ಮೊದಲೇ ಹಾಳೆ ತೆಗೆದೆ. ಎರಡೂ ಸರಿಮಾಡು. ಮತ್ತೊಂದು ಸಲ."

ಮತ್ತೊಂದು ಸಲ ಎಂದದ್ದೇ ಮುಖ್ಯ. ಅದೇ ಸಂಜೆ, ಅದೇ ಬೆಂಚುಗಳ ಮುಂದೆ, ತಪ್ಪು ಇನ್ನೂ ಬಿಸಿಯಾಗಿರುವಾಗಲೇ. ಎರಡನೇ ಸಲ ಬೆನ್ನು ತಿರುಗಲಿಲ್ಲ. ಕೈ ಎಲ್ಲಿಡಬೇಕು ಎಂಬ ಹೊಸ ತೊಂದರೆ ಹುಟ್ಟಿತು. ಅದನ್ನು ಮಾರನೆಯ ದಿನಕ್ಕೆ ಇಟ್ಟರು. ಒಂದೇ ದಿನ ಹತ್ತು ತಪ್ಪು ಹೇಳುವ ಅಭ್ಯಾಸ ಅವರಿಗೆ ಇರಲಿಲ್ಲ.

ಆಮೇಲೆ ಯೋಚಿಸಿದರೆ ಆ ಮನುಷ್ಯ ವಿಶೇಷವಾಗಿ ಏನೂ ಮಾಡಲಿಲ್ಲ. ಶಾಪಿನಲ್ಲಿ ಒಂದು ಪೀಸು ರಿಜೆಕ್ಟ್ ಆದರೆ ಏನು ಕೇಳುತ್ತೇವೋ ಅದನ್ನೇ ಭಾಷಣಕ್ಕೂ ಕೇಳಿದರು. ಯಾವ ಅಳತೆ ತಪ್ಪಿತು, ಎಷ್ಟು ತಪ್ಪಿತು, ಯಾವ ಆಪರೇಷನ್ನಿನಲ್ಲಿ ತಪ್ಪಿತು. ಆಪರೇಟರ್ ಯಾರ ಮಗ ಎಂದು ಅಲ್ಲಿ ಕೇಳುವುದಿಲ್ಲ; ಕೇಳಿದರೆ ಪೀಸು ಸರಿಹೋಗುವುದೂ ಇಲ್ಲ. ನಮ್ಮ ಶಾಲೆಯಲ್ಲಿ ಇದು ತಿರುವುಮುರುವು. ಅಲ್ಲಿ ಅಳತೆಯ ಸುದ್ದಿಯೇ ಇರಲಿಲ್ಲ. ಹುಡುಗ ಜಾಣ ಅಥವಾ ದಡ್ಡ.

ಈ ಫರಕು ನನ್ನೊಬ್ಬನ ಅನುಭವ ಅಲ್ಲ ಎಂದು ಎಷ್ಟೋ ವರ್ಷದ ಮೇಲೆ ತಿಳಿಯಿತು. 1996ರಲ್ಲಿ ಕ್ಲೂಗರ್ ಮತ್ತು ಡಿನಿಸಿ ಎಂಬ ಇಬ್ಬರು ಸಂಶೋಧಕರು ಫೀಡ್‌ಬ್ಯಾಕ್ ಬಗ್ಗೆ ಅಲ್ಲಿಯವರೆಗೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ 600ಕ್ಕೂ ಹೆಚ್ಚು ಫಲಿತಾಂಶಗಳನ್ನು ತೂಗಿ ನೋಡಿದರು. ಸರಾಸರಿಯಲ್ಲಿ ಫೀಡ್‌ಬ್ಯಾಕ್ ಕೆಲಸ ಸುಧಾರಿಸುತ್ತದೆ. ಆದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಅದು ಇದ್ದದ್ದನ್ನೂ ಕೆಡಿಸಿತ್ತು. ಕೇಳಿದವನ ಗಮನ ಮಾಡುವ ಕೆಲಸದಿಂದ ಸರಿದು 'ನಾನು ಎಂಥವನು' ಎಂಬ ಕಡೆಗೆ ಹೋದಷ್ಟೂ ಪ್ರಯೋಜನ ಇಳಿಯುತ್ತದೆ ಎಂದು ಅವರು ವಿವರಿಸಿದರು. ಗಮನಿಸಿ, ಬೈಗುಳಕ್ಕಷ್ಟೇ ಅಲ್ಲ, ಹೊಗಳಿಕೆಗೂ ಇದು ಅನ್ವಯ. 'ನೀನು ಹುಟ್ಟು ಭಾಷಣಕಾರ' ಎಂದವನೂ ಕೆಡಿಸುತ್ತಾನೆ.

ಭಾಷಣದ್ದೇ ಆದ ಇನ್ನೊಂದು ಪ್ರಯೋಗ 2003ರದ್ದು, ಸಾವಿಟ್ಸ್ಕಿ ಮತ್ತು ಗಿಲೊವಿಚ್ ಅವರದ್ದು. ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು ಎಲ್ಲರಿಗೂ ಕಾಣುತ್ತಿದೆ ಎಂದು ವೇದಿಕೆ ಮೇಲಿರುವವನು ಅಂದುಕೊಳ್ಳುತ್ತಾನೆ. ಎದುರಿಗೆ ಕೂತವರಿಗೆ ಅದು ಅಷ್ಟೇನೂ ಕಾಣುವುದಿಲ್ಲ. ಈ ಒಂದು ವಿಷಯವನ್ನು ಮೊದಲೇ ತಿಳಿಸಿದವರು, ತಿಳಿಸದವರಿಗಿಂತ ಚೆನ್ನಾಗಿ ಮಾತಾಡಿದರು. 'ಹೆದರಬೇಡ' ಎಂದು ನಮಗೆ ಹೇಳಿದವರು ನೂರು ಜನ ಇದ್ದಾರು. 'ನೀನು ಹೆದರಿದ್ದು ನಮಗೆ ಗೊತ್ತಾಗಲಿಲ್ಲ' ಎಂದು ಹೇಳಿದ್ದರೆ ಎಷ್ಟು ಮಕ್ಕಳಿಗೆ ಉಪಕಾರವಾಗುತ್ತಿತ್ತೋ.

2000ದ ನಂತರ ನಮ್ಮ ಕಾರ್ಖಾನೆಗಳ ಆಫೀಸು ಕಡೆಯವರು ಟೋಸ್ಟ್‌ಮಾಸ್ಟರ್ಸ್ ಮಾದರಿಯ ಕೂಟಗಳಿಗೆ ಹೋಗತೊಡಗಿದರು. ಹೊಸೂರು ದಾಟಿದರೆ ಬೆಂಗಳೂರು. ಅಲ್ಲಿ ಇಂಥವಕ್ಕೆ ಬರವಿಲ್ಲ. ರಾಲ್ಫ್ ಸ್ಮೆಡ್ಲಿ ಎಂಬವರು 1924ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುಮಾಡಿದ ವ್ಯವಸ್ಥೆ ಅದು. ಭಾಷಣ ಐದರಿಂದ ಏಳು ನಿಮಿಷ. ಹಸಿರು, ಹಳದಿ, ಕೆಂಪು ಬಣ್ಣ ತೋರಿಸುವವನೊಬ್ಬ. ಬಣ್ಣದ ಅರ್ಥ ಮೊದಲೇ ಎಲ್ಲರಿಗೂ ಗೊತ್ತು, ಯಾರೂ ಗಾಂಧಿಯಂತೆ ನೊಂದುಕೊಳ್ಳಬೇಕಿಲ್ಲ. ಆ, ಮ್ ಎಂಬ ಕುಂಟುಮಾತುಗಳನ್ನು ಎಣಿಸುವವನೊಬ್ಬ. ಪ್ರತಿ ಭಾಷಣಕ್ಕೂ ಒಬ್ಬ ವಿಮರ್ಶಕ, ಅವನಿಗೂ ಎರಡು ಮೂರು ನಿಮಿಷದ ಮಿತಿ.

ನಾನೂ ಹೋಗಿ ಕೂತೆ. ಎಣಿಸುವವನಿಂದ ಮೊದಮೊದಲು ಲಾಭವಾಯಿತು. ನಾನು ತಮಿಳಿನಲ್ಲಿ 'ವಂದು' ಎನ್ನದೆ ವಾಕ್ಯ ಶುರು ಮಾಡುವುದಿಲ್ಲ, ಕನ್ನಡದಲ್ಲಿ 'ಏನಪ್ಪಾ ಅಂದ್ರೆ' ಇಲ್ಲದೆ ಮುಂದೆ ಹೋಗುವುದಿಲ್ಲ ಎಂದು ಆ ವಯಸ್ಸಿನಲ್ಲಿ ಗೊತ್ತಾಯಿತು. ಮನೆಯಲ್ಲಿ ಹೆಂಡತಿಗೆ ಇದು ಮೊದಲೇ ಗೊತ್ತಿತ್ತಂತೆ. ಆದರೆ ಈ ಎಣಿಕೆಗೆ ಒಂದು ಮಿತಿ ಇದೆ. ಕುಂಟುಮಾತು ಒಂದೂ ಇಲ್ಲದ, ಕೇಳಿದವರಿಗೆ ಏನೂ ಉಳಿಯದ ಭಾಷಣಗಳನ್ನು ಅಲ್ಲಿ ಸಾಕಷ್ಟು ಕೇಳಿದ್ದೇನೆ.

ವಿಮರ್ಶೆಯ ವಿಷಯದಲ್ಲಿ ನನ್ನ ತಕರಾರು ಬೇರೆ. ಮೊದಲು ಹೊಗಳು, ನಡುವೆ ಒಂದು ತಿದ್ದುಪಡಿ ಹೇಳು, ಕೊನೆಗೆ ಮತ್ತೆ ಹೊಗಳು ಎಂಬ ಪಾಠ ಅಲ್ಲಿ ಬೇರೂರಿದೆ. ಮಕ್ಕಳಿಗೆ ಬೆಲ್ಲದಲ್ಲಿ ಮಾತ್ರೆ ಇಟ್ಟು ಕೊಟ್ಟರೆ ಬೆಲ್ಲ ಚೀಪಿ ಮಾತ್ರೆ ಉಗಿಯುತ್ತವೆ, ದೊಡ್ಡವರೂ ಅಷ್ಟೇ. ನಿಮ್ಮ ನಗು ಚೆನ್ನಾಗಿತ್ತು, ನಿಮ್ಮ ಆತ್ಮವಿಶ್ವಾಸ ಚೆನ್ನಾಗಿತ್ತು, ನಿಮ್ಮ ಟೈ ಚೆನ್ನಾಗಿತ್ತು. ಏನು ಚೆನ್ನಾಗಿತ್ತು ಎಂದು ಬೆರಳಿಟ್ಟು ತೋರಿಸಿದರೆ ಹೊಗಳಿಕೆಯೂ ಪಾಠವೇ. 'ಬಾವಿಯ ಕಥೆ ಹೇಳುವ ಮೊದಲು ನೀವು ಒಂದು ಗಳಿಗೆ ಸುಮ್ಮನಿದ್ದಿರಿ, ಆಗ ಮೊಬೈಲ್ ನೋಡುತ್ತಿದ್ದ ಇಬ್ಬರು ತಲೆ ಎತ್ತಿದರು' ಎಂದು ಒಬ್ಬಾಕೆ ನನಗೆ ಹೇಳಿದ್ದುಂಟು. ಅಂಥದ್ದು ಅಪರೂಪ. ಇಷ್ಟಾದರೂ ಒಂದು ವಿಷಯಕ್ಕೆ ಆ ಕೂಟವನ್ನು ಮೆಚ್ಚಲೇಬೇಕು. ಮ್ಯಾನೇಜರ್ ಮಾತಾಡಿ ಕುಳಿತ ಮೇಲೆ ಅವರ ಕೈಕೆಳಗಿನ ಹುಡುಗಿ ಎದ್ದು 'ಸಾರ್, ನೀವು ಕೊನೆಯನ್ನು ಮೂರು ಸಲ ಮುಗಿಸಿದಿರಿ' ಎನ್ನಬಹುದಾದ ಜಾಗ ನಮ್ಮ ಹೊಸೂರಿನಲ್ಲಿ ಅದಕ್ಕೆ ಮೊದಲು ನಾನು ಕಂಡಿರಲಿಲ್ಲ.

ಗಡಿಯವರಾದ ನಮಗೆ ಇನ್ನೊಂದು ಬಗೆಯ ಟೀಕೆ ಪುಕ್ಕಟೆ ಸಿಗುತ್ತದೆ. ಬೆಂಗಳೂರಿನ ರಾಜ್ಯೋತ್ಸವದ ವೇದಿಕೆ ಇಳಿದರೆ, "ಹೊಸೂರಿನೋರಾ? ಅದಕ್ಕೇ ಕನ್ನಡದಲ್ಲಿ ತಮಿಳು ವಾಸನೆ." ಕೃಷ್ಣಗಿರಿಯಲ್ಲಿ ತಮಿಳಿನಲ್ಲಿ ಮಾತಾಡಿದರೆ, "ಸಾರ್ ಕನ್ನಡಕಾರರಾ?" ಎಂದು ಒಂದು ನಗೆ. ಇದನ್ನು ಕೇಳಿ ನಾನು ಮಾಡಬೇಕಾದದ್ದು ಏನು? ಬೇರೆ ಊರಿನಲ್ಲಿ ಹುಟ್ಟಿಬರಬೇಕೇ? 2024ರ ಜೂನ್‌ನಲ್ಲಿ ನಮ್ಮ ಕೃಷ್ಣಗಿರಿಯ ಸಂಸದ ಕೆ. ಗೋಪಿನಾಥ್ ಲೋಕಸಭೆಯಲ್ಲಿ ತೆಲುಗಿನಲ್ಲಿ ಪ್ರಮಾಣವಚನ ತೆಗೆದುಕೊಂಡಾಗ ದೂರದವರು ಹುಬ್ಬೇರಿಸಿದರು; ಈ ಭಾಗದ ಬಸ್ಸಿನಲ್ಲಿ ಒಮ್ಮೆ ಓಡಾಡಿದವರಿಗೆ ಅದರಲ್ಲಿ ಆಶ್ಚರ್ಯ ಏನಿದೆ?

ಬೆಂಗಳೂರಿನ ಅಂಥದ್ದೇ ಒಂದು ರಾಜ್ಯೋತ್ಸವದ ಸಭೆಯಲ್ಲಿ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಪಕ್ಕಕ್ಕೆ ಕರೆದು ಹೇಳಿದರು: "ಅಲ್ಲಪ್ಪಾ, ಹಕಾರ ನುಂಗ್ತೀಯ. ಹಾಸನ ಅನ್ನೋದು ಆಸನ ಅಂತ ಕೇಳಿಸ್ತು. ಮನೇಲಿ ಹೇಗಾದರೂ ಮಾತಾಡು, ಊರಿನ ಹೆಸರು ಹೇಳೋವಾಗ ಮಾತ್ರ ಉಸಿರು ಬಿಡು." ನೇರ ಮಾತು. ಹಿಂದಿನವರ ಟೀಕೆಯೂ ನನ್ನ ಉಚ್ಚಾರದ ಬಗ್ಗೆಯೇ, ಇವರದ್ದೂ ಉಚ್ಚಾರದ ಬಗ್ಗೆಯೇ. ಇವರದ್ದನ್ನು ಅವತ್ತೇ ಬಸ್ಸಿನಲ್ಲಿ ಅಭ್ಯಾಸ ಮಾಡಿಕೊಂಡು ಬರಲು ಸಾಧ್ಯವಾಯಿತು.

ಈಗಿನ ಮಕ್ಕಳ ಪಾಡು ಬೇರೆ. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ಇಲ್ಲಿನ ಕನ್ನಡ ಶಾಲೆಯ ಮಕ್ಕಳೂ ಒಂದನೇ ತರಗತಿಯಿಂದ ತಮಿಳು ಓದುತ್ತಾರೆ. ಇಂಗ್ಲಿಷಿನ ಆಸೆ ಹೇಗೂ ಇದೆ. ನಾನು ತೀರ್ಪುಗಾರನಾಗಿ ಹೋಗುವ ಸ್ಪರ್ಧೆಗಳಲ್ಲಿ ಕನ್ನಡ ವಿಭಾಗಕ್ಕೆ ಹೆಸರು ಕೊಡುವವರು ಕಡಿಮೆ. ಕೊಟ್ಟವರಲ್ಲಿ ಹೆಚ್ಚಿನವರು ಹುಡುಗಿಯರು. ಪ್ರಾರ್ಥನೆಗೆ ಮಾತ್ರ ಬಂದು ಹೋಗುತ್ತಿದ್ದ ಕಾಲ ಹೋದದ್ದಕ್ಕೆ ನನಗೇನೂ ದುಃಖವಿಲ್ಲ. ಉರು ಹೊಡೆಯುವುದು ಹೋಗಿಲ್ಲ. ಬರೆದುಕೊಡುವವರು ಮೇಷ್ಟ್ರ ಬದಲು ಅಮ್ಮಂದಿರಾಗಿದ್ದಾರೆ, ಅಥವಾ ಫೋನಿನೊಳಗಿನ ಯಂತ್ರ. ಯಾರೂ ನಗುವುದಿಲ್ಲ. ಮಗು ಮರೆತು ನಿಂತರೆ ಸಭೆಯೆಲ್ಲ ಚಪ್ಪಾಳೆ ತಟ್ಟುತ್ತದೆ. ಇದು ನಮ್ಮ ಕಾಲಕ್ಕಿಂತ ನೂರು ಪಾಲು ಮೇಲು; ಈಗಿನ ಶಾಲೆಯಲ್ಲಿ ಯಾರಿಗೂ 'ಸ್ವಾಸ್ವಾ' ಎಂದು ಹೆಸರಿಡುವುದಿಲ್ಲ. ಆದರೆ ಇಳಿದು ಬಂದ ಮಗುವಿಗೆ ಎಲ್ಲರೂ ಹೇಳುವುದು 'ಸೂಪರ್'. ಮರೆತವಳಿಗೂ ಸೂಪರ್, ಮರೆಯದವಳಿಗೂ ಸೂಪರ್. ಮಕ್ಕಳು ದಡ್ಡರಲ್ಲ. ಹತ್ತನೇ ಸೂಪರ್ ಹೊತ್ತಿಗೆ ಆ ಮಾತಿಗೆ ಬೆಲೆಯಿಲ್ಲ ಎಂದು ಅವರಿಗೆ ಗೊತ್ತಾಗಿರುತ್ತದೆ.

ಅಪ್ಪ ಅಮ್ಮ ಇಬ್ಬರೂ ಮೊಬೈಲ್ ಎತ್ತಿ ಹಿಡಿದು ಪೂರ್ತಿ ಭಾಷಣ ಹಿಡಿಯುತ್ತಾರೆ. ನಮಗೆ ಇಂಥ ಭಾಗ್ಯ ಇರಲಿಲ್ಲ. ಗಲ್ಫಿನಿಂದ ಬಂದ ನೆಂಟರ ಟೇಪ್‌ರೆಕಾರ್ಡರಿನಲ್ಲಿ ನಾನು ಮೊದಲ ಸಲ ನನ್ನ ಧ್ವನಿ ಕೇಳಿದಾಗ ಯಾರೋ ಬೇರೆಯವರದು ಅನ್ನಿಸಿತ್ತು. ನಮ್ಮ ಮಾತು ನಮಗೆ ತಲೆಬುರುಡೆಯ ಮೂಳೆಯ ಮೂಲಕವೂ ಕೇಳುವುದರಿಂದ ತುಂಬಿದಂತಿರುತ್ತದೆ, ಹೊರಗಿನಿಂದ ಕೇಳಿದರೆ ತೆಳ್ಳಗೆ. ಆ ಮೊದಲ ಮುಜುಗರ ದಾಟಿದರೆ ಅದಕ್ಕಿಂತ ಒಳ್ಳೆಯ ಗುರು ಇಲ್ಲ. ಆದರೆ ಈ ವಿಡಿಯೊಗಳು ಹೋಗುವುದು ನೆಂಟರ ವಾಟ್ಸಾಪ್ ಗುಂಪಿಗೆ. ಸಂಜೆ ಮಗುವಿನ ಪಕ್ಕ ಕೂತು, ಇಲ್ಲಿ ನೋಡು, ಇಲ್ಲಿ ಯಾಕೆ ಓಡಿದೆ ಎಂದು ಕೇಳುವ ಮನೆಗಳು ಎಷ್ಟಿವೆಯೋ.

ಕೆಲವು ವರ್ಷಗಳಿಂದ ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಅಂಕದ ಹಾಳೆಯ ಜೊತೆಗೆ ಪ್ರತಿ ಮಗುವಿಗೂ ಒಂದು ಚೀಟಿ. ಮೇಲೆ ಹೆಸರು, ಕೆಳಗೆ ಒಂದೇ ಸಾಲು. 'ನಿನ್ನ ಅಜ್ಜಿಯ ಉದಾಹರಣೆ ಕೊನೆಯಲ್ಲಿ ಬಂತು, ಅದನ್ನೇ ಮೊದಲು ಹೇಳು.' 'ಪೂರ್ಣವಿರಾಮ ಬಂದಾಗ ಬಾಯಿ ಮುಚ್ಚು, ಉಸಿರು ತಾನಾಗಿ ಬರುತ್ತದೆ.' 'ಎಡಗಡೆ ಕೂತವರನ್ನು ಒಂದು ಸಲವೂ ನೋಡಲಿಲ್ಲ.' ಎರಡನೇ ಸಾಲು ಬರೆಯುವ ಚಪಲ ಬರುತ್ತದೆ, ತಡೆದುಕೊಳ್ಳುತ್ತೇನೆ. ತಂದೆತಾಯಿಗಳಿಗೆ ಇದು ಅಷ್ಟಾಗಿ ಹಿಡಿಸುವುದಿಲ್ಲ. "ಸಾರ್, ಎರಡನೇ ಬಹುಮಾನ ಯಾಕೆ ಅಂತ ಬರೆಯಿರಿ, ಇದೆಲ್ಲ ಯಾಕೆ?" ಎಂದವರಿದ್ದಾರೆ. ತಳಿ ಕಡೆಯಿಂದ ಬಂದಿದ್ದ ಒಬ್ಬ ಹುಡುಗಿ ಚೀಟಿ ಓದಿ, ಮಡಚಿ, ನೇರವಾಗಿ ನನ್ನ ಮೇಜಿನ ಹತ್ತಿರ ಬಂದಳು. "ತಾತ, ಇನ್ನೊಂದ್ಸಲ ಹೇಳ್ಲಾ?" ಎಂದಳು. ಅವಳಿಗೆ ಬಹುಮಾನ ಬಂದಿರಲಿಲ್ಲ. ಅಷ್ಟು ಹೊತ್ತಿಗೆ ಸಂಘಟಕರು ಅತಿಥಿಗಳಿಗೆ ಶಾಲು ಹೊದಿಸಲು ವೇದಿಕೆ ತೆರವು ಮಾಡಿಸುತ್ತಿದ್ದರು. ಹೊರಗೆ ಜಗಲಿಯಲ್ಲಿ ನಿಂತು ಹೇಳಿದಳು, ನಾನೂ ಅವಳ ಅಣ್ಣನೂ ಕೇಳಿದೆವು. ವಾಕ್ಯದ ಕೊನೆ ನುಂಗುತ್ತಿದ್ದವಳು ಈ ಸಲ ನುಂಗಲಿಲ್ಲ.

ನವೆಂಬರಿನಲ್ಲಿ ಹೊಸೂರು, ಬಾಗಲೂರು, ತಳಿ, ದೆಂಕಣಿಕೋಟೆ ಕಡೆಗಳಲ್ಲಿ ರಾಜ್ಯೋತ್ಸವಕ್ಕೆ ಭಾಷಣ ಸ್ಪರ್ಧೆ ಇಡುವ ಸಂಘದವರಲ್ಲಿ, ಶಾಲೆಯವರಲ್ಲಿ ನನ್ನದೊಂದು ಮನವಿ. ಸ್ಪರ್ಧೆಯನ್ನು ಬೆಳಿಗ್ಗೆ ಮುಗಿಸಿ. ತೀರ್ಪುಗಾರರ ಹಾಳೆಯನ್ನು ಜೇಬಿಗೆ ಹಾಕಿಕೊಳ್ಳದೆ ಮಕ್ಕಳ ಕೈಗೆ ಕೊಡಿ. ಊಟದ ಮೇಲೆ, ಬಹುಮಾನ ಬಂದವರು ಬಾರದವರು ಎನ್ನದೆ ಬಯಸಿದ ಮಕ್ಕಳಿಗೆಲ್ಲ ಅದೇ ಮೈಕಿನಲ್ಲಿ ಇನ್ನೊಂದು ಸಲ ಮಾತಾಡಲು ಬಿಡಿ. ಹೊತ್ತು ಸಾಲದಿದ್ದರೆ ಅತಿಥಿಗಳ ಭಾಷಣ ಕಡಿಮೆ ಮಾಡಿ. ನನ್ನದನ್ನೇ ಮೊದಲು ತೆಗೆಯಿರಿ.